ಸೂಜಿಯೂ ಕೊಪ್ಪರಿಗೆಯೂ

ಹಾವೇರಿಯ ರೇಲ್ವೆ ನಿಲ್ದಾಣಕ್ಕೆ ಈಗ ಹುತಾತ್ಮ ಮಹಾದೇವಪ್ಪ ಮೈಲಾರರ ಹೆಸರುಂಟು. 2025ನೆಯ ಇಸವಿಯುದ್ದಕ್ಕೂ ರವಿವಾರ ಬೆಳಿಗ್ಗೆ ಅಲ್ಲಿಯ ಬಾಕಿನ ಮೇಲೆ ನಾವು ಕೊಡೆ ಊರಿಕೊಂಡು ಕುಳಿತಿರುತ್ತಿದ್ದುದನ್ನು ಊರವರು ಅನೇಕರು ಬಲ್ಲರು. ರಾಣೆಬೆನ್ನೂರ ಕಡೆಯ ಗಾಡಿಯಿಂದ ನಮ್ಮ ತಮ್ಮನ ಮಗಳು ಇಳಿಯುವಳು. ಸಂಜೆಯ ಗಾಡಿಗೆ ತಿರುಗಿ ಹೋಗುವಳು. ನಡುವಿನ ಹೊತ್ತೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ ಓದು. ಇದನ್ನು ಕಂಡ ಮೂವರು ಗೃಹಸ್ಥರು ಬೇರೆ ಬೇರೆ ದಿನ ನಮ್ಮನ್ನು ತಡೆದು ಒಂದೇ ಪ್ರಶ್ನೆಯನ್ನು ಕೇಳಿದರು: "ಮಾಸ್ತರರೇ, ನಮ್ಮ ಹುಡುಗನೂ ವಕೀಲಿ ಕಲಿಯುವ ಪರೀಕ್ಷೆಗೆ ಕೂಡ್ರುತ್ತೇನೆ ಅನ್ನುತ್ತಾನೆ. ಯಾವ ಯಾವ ವಿಷಯ ಓದಿಸಬೇಕು, ಒಂದು ಯಾದಿ ಬರೆದುಕೊಡಿರಿ." ಯಾದಿಯನ್ನು ಬರೆದುಕೊಡುವದು ನಮಗೆ ಸುಲಭವೇ. ಒಂದು ಸಲ ಬರೆದುಕೊಟ್ಟೂ ಇದ್ದೇವೆ. ಆ ಯಾದಿಯಿಂದ ಮನೆಯ ಮಗುವಿಗೆ ಆದ ಹಾನಿಯನ್ನು ಹೇಳದೆ ಎರಡನೆಯದನ್ನು ಬರೆಯುವದು ಸಲ್ಲದೆಂದು ತೋರಿ ಈ ಲೇಖನಕ್ಕೆ ಕೈ ಹಚ್ಚಿದ್ದೇವೆ.

ಪರೀಕ್ಷೆಯ ಪರಿಚಯವಿಲ್ಲದ ವಾಚಕರ ಸಲುವಾಗಿ ಎರಡು ಮಾತು. ಹಿಂದಕ್ಕೆ ವಕೀಲನಾಗಬೇಕೆಂಬವನು ಬಿ.ಎ. ಮುಗಿಸಿಕೊಂಡು, ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಮತ್ತೆ ಮೂರು ವರುಷ ಕಾಯದೆ ಓದುತ್ತಿದ್ದನು. ಆ ದಾರಿ ಇಂದಿಗೂ ಮುಚ್ಚಿಲ್ಲ. ಆದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1986ರ ಕಾಯದೆಯಿಂದ ಹುಟ್ಟಿ, 1988ರಲ್ಲಿ ತನ್ನ ಮೊದಲ ತಂಡವನ್ನು ತಕ್ಕೊಂಡ ಮೇಲೆ, ಪಿ.ಯು.ಸಿ. ಮುಗಿದೊಡನೆ ಐದು ವರುಷ ಓದುವ ಪದ್ಧತಿಯು ಬೇರೂರಿತು. ಇಂಥ ವಿಶ್ವವಿದ್ಯಾಲಯಗಳು ಈಗ ದೇಶದಲ್ಲಿ ಇಪ್ಪತ್ತಕ್ಕೆ ಮಿಕ್ಕಿವೆ. 2008ರಲ್ಲಿ ಏಳು ಸಂಸ್ಥೆಗಳು ಕೂಡಿ ಆರಂಭಿಸಿದ ಒಂದೇ ಪ್ರವೇಶ ಪರೀಕ್ಷೆಯು ಇಂದು ಅವುಗಳಲ್ಲಿ ಬಹುತೇಕ ಎಲ್ಲಕ್ಕೂ ಬಾಗಿಲಾಗಿದೆ. ಜನರ ಬಾಯಲ್ಲಿ ಅದಕ್ಕೆ ಕ್ಲಾಟ್ ಎಂದು ಹೆಸರು. ಎರಡು ತಾಸು, 120 ಪ್ರಶ್ನೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಲು ಹೇಳುವರು. ತಪ್ಪಿದರೆ ಕಾಲು ಅಂಕ ಕಡಿತ. ಇಂಗ್ಲಿಷು, ಪ್ರಚಲಿತ ಸಂಗತಿಗಳು, ಕಾಯದೆಯ ವಿಚಾರ, ತರ್ಕ, ಗಣಿತ ಎಂದು ಐದು ಭಾಗಗಳು. ಬೆಂಗಳೂರಿನ ಶಾಲೆಯಲ್ಲಿ 2021ರಿಂದ ಪ್ರತಿಶತ 25 ಸ್ಥಾನಗಳನ್ನು ಕರ್ನಾಟಕದಲ್ಲಿ ಹತ್ತು ವರುಷಕ್ಕೆ ಕಡಿಮೆಯಿಲ್ಲದೆ ಓದಿದವರಿಗಾಗಿ ಇಟ್ಟಿರುವರೆಂಬುದನ್ನು ನಮ್ಮ ಕಡೆಯ ತಂದೆತಾಯಿಗಳು ಅರಿತಿರುವದು ಒಳ್ಳೆಯದು.

ನಮ್ಮ ತಮ್ಮನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತ. ಮಗಳು ರಾಣೆಬೆನ್ನೂರಿನಲ್ಲಿ ನಮ್ಮ ತಂಗಿಯ ಮನೆಯಲ್ಲಿದ್ದುಕೊಂಡು ಕಲಾ ವಿಭಾಗದಲ್ಲಿ ಪಿ.ಯು.ಸಿ. ಓದುತ್ತಿದ್ದಳು. ಹತ್ತನೆಯ ಇಯತ್ತೆಯ ವರೆಗೆ ಕನ್ನಡ ಮಾಧ್ಯಮ. 2024ರ ಬೇಸಿಗೆಯ ಸೂಟಿಯಲ್ಲಿ ಅವಳು ಕ್ಲಾಟಿನ ಮಾತು ತೆಗೆಯಲು, ತಮ್ಮನು ಹುಬ್ಬಳ್ಳಿಗೆ ಹೋಗಿ ಒಂದು ತರಬೇತಿಯವರಲ್ಲಿ ಶುಲ್ಕವನ್ನು ವಿಚಾರಿಸಿಕೊಂಡು ಬಂದನು. ಅವನು ಅಂಕಿಯನ್ನು ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವನ ಹೆಂಡತಿ ಎದ್ದು ಒಳಗೆ ಹೋಗಿ ತನ್ನ ಪಾಟಲಿಗಳನ್ನು ತಂದು ಚಾಪೆಯ ಮೇಲೆ ಇಟ್ಟಳು. ಆ ಮೇ ತಿಂಗಳ ಕೊನೆಗೆ ನಾವು ಸೇವೆಯಿಂದ ನಿವೃತ್ತರಾಗುವವರಿದ್ದೆವು. "ಮನ್ಯಾಗ ಮಾಸ್ತರ ಇದ್ದಾಗ ಬಂಗಾರ ಯಾಕ ಮಾರ್ತೀರಿ?" ಎಂದುಬಿಟ್ಟೆವು. ಆ ಮಾತಿನಲ್ಲಿ ಪ್ರೀತಿಯೆಷ್ಟು, ಅಹಂಕಾರವೆಷ್ಟು ಎಂಬುದನ್ನು ತೂಗಿ ನೋಡುವ ಧೈರ್ಯ ಈಗ ನಮಗಿಲ್ಲ. ಪಾಟಲಿಗಳು ಒಳಗೆ ಹೋದವು.

ಜೂನ ತಿಂಗಳಲ್ಲಿ ಯಾದಿ ಸಿದ್ಧವಾಯಿತು. ಹಳೆಯ ಪುಸ್ತಕದಂಗಡಿಯಿಂದ ಒಂದು ದಪ್ಪನ್ನ ಮಾರ್ಗದರ್ಶಿಯನ್ನು ತಂದಿದ್ದೆವು. ಅದು ಯಾವ ಇಸವಿಯದೆಂದು ತಿರುವಿ ನೋಡಲಿಲ್ಲ. ಅದರಲ್ಲಿ ಕಾಯದೆಯ ಲ್ಯಾಟಿನ್ ಸೂತ್ರಗಳದೊಂದು ಅಧ್ಯಾಯವಿದ್ದಿತು. ಹಕ್ಕಿದ್ದಲ್ಲಿ ಪರಿಹಾರವುಂಟು, ಕಾಯದೆಯನ್ನು ಅರಿಯೆನೆಂಬುದು ನೆಪವಾಗದು, ಮೊದಲಾದ ಅರ್ಥದ ಸೂತ್ರಗಳು. ಲ್ಯಾಟಿನ್ನು ಸಂಸ್ಕೃತಕ್ಕೆ ದಾಯಾದಿ ಭಾಷೆ. ಅಮರಕೋಶವನ್ನು ಉರುಹೊಡೆದ ಬಾಯಿಗೆ ಅದು ಕಲ್ಲುಸಕ್ಕರೆಯಾಗಿ ತೋರಿತು. ಮೊದಲ ಇಪ್ಪತ್ತು ದಿನ ಅವೇ ನಡೆದವು. ಎರಡನೆಯದಾಗಿ ಭಾರತೀಯ ದಂಡಸಂಹಿತೆಯ ಮುಖ್ಯ ಕಲಮುಗಳು: ಕೊಲೆಗೆ 302, ಕಳವಿಗೆ 378, ವಂಚನೆಗೆ 420. ಮೂರನೆಯದಾಗಿ ದೇಶ, ರಾಜಧಾನಿ, ನಾಣ್ಯ. ನಾಲ್ಕನೆಯದನ್ನು ಹೇಳಲು ನಾಚಿಕೆಯಾಗುವದು: ಮಿತಾಕ್ಷರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನವು ಬಂಗಾಳದ ಕಡೆಯನ್ನುಳಿದು ಬಹುತೇಕ ಭಾರತದ ಹಿಂದೂ ಕುಟುಂಬಗಳ ಪಾಲುಪತ್ತಿಯನ್ನು ಶತಮಾನಗಳ ಕಾಲ ನಿರ್ಣಯಿಸಿತು. ಕನ್ನಡ ನೆಲದ ಹುಡುಗಿ ಕಾಯದೆ ಕಲಿಯಹೊರಟು ಇದನ್ನರಿಯದಿದ್ದರೆ ಹೇಗೆಂದು ಎರಡು ವಾರಗಳನ್ನು ಅದಕ್ಕೆ ಮೀಸಲಿಟ್ಟೆವು. ಹುಡುಗಿಗೆ ಬೇಕಾದುದನ್ನಲ್ಲ, ನಮಗೆ ಪ್ರಿಯವಾದುದನ್ನು ನಾವು ಆರಿಸಿದ್ದೆವು. ಮೂವತ್ತು ವರುಷ ಪಾಠ ಹೇಳಿದವನಿಗೆ ಇವೆರಡರ ಭೇದ ತಿಳಿಯದೆಂದು ಯಾರಾದರೂ ಹೇಳಿದ್ದರೆ ಆಗ ನಗುತ್ತಿದ್ದೆವು.

ಜುಲೈ ತಿಂಗಳ ನಡುವೆ ಒಂದು ದಿನ ಕಲಮುಗಳನ್ನು ಒಪ್ಪಿಸುತ್ತ ಒಪ್ಪಿಸುತ್ತ ಹುಡುಗಿ ನಿಂತಳು. "ದೊಡ್ಡಪ್ಪಾ, ಈ ಕಲಮು ಈಗ ಇಲ್ರಿ." ವರ್ತಮಾನಪತ್ರವನ್ನು ಮುಂದೆ ಹಿಡಿದಳು. 1860ರ ದಂಡಸಂಹಿತೆಯು 2024ರ ಜುಲೈ 1ಕ್ಕೆ ಹೋಗಿ ಅದರ ಗದ್ದುಗೆಯ ಮೇಲೆ ಭಾರತೀಯ ನ್ಯಾಯಸಂಹಿತೆ ಕುಳಿತಿದ್ದಿತು. 511 ಕಲಮುಗಳಿದ್ದಲ್ಲಿ 358. ಕೊಲೆಯ ಶಿಕ್ಷೆಗೆ 103, ಕಳವಿಗೆ 303, ವಂಚನೆಗೆ 318. ಜಾಣನಾದವನು ಅಲ್ಲಿಯೇ ನಿಂತು, ಅಂಕಿಗಳನ್ನು ಬಾಯಿಪಾಠ ಮಾಡುವದೇ ಬೇಕೋ ಎಂದು ಯೋಚಿಸುತ್ತಿದ್ದನು. ನಾವು ಮರುದಿನವೇ ಹೊಸ ಪುಸ್ತಕವನ್ನು ತಂದು ಹೊಸ ಅಂಕಿಗಳನ್ನು ಬಾಯಿಪಾಠಕ್ಕೆ ಹಚ್ಚಿದೆವು. ಅಗಸ್ಟದಲ್ಲಿ ಹುಡುಗಿ ಹಿಂದಿನ ಸಲದ ಪ್ರಶ್ನಪತ್ರಿಕೆಯನ್ನು ಅಚ್ಚು ಹಾಕಿಸಿ ತಂದಳು. ಎರಡು ಪುಟ ನೋಡಿ, "ಇದೆಲ್ಲ ಬರೀ ಗದ್ಯಪಾಠ, ಮೊದಲು ವಿಷಯ ಗಟ್ಟಿ ಆಗಲಿ" ಎಂದು ಬದಿಗಿಟ್ಟೆವು.

ಡಿಸೆಂಬರ 1ರ ರಾತ್ರಿ ತಂಗಿಯ ಮನೆಯಿಂದ ಅವಳು ಫೋನು ಮಾಡಿದಳು. "ನೀವು ಹೇಳಿಕೊಟ್ಟದ್ದು ಒಂದೂ ಬರಲಿಲ್ರಿ ದೊಡ್ಡಪ್ಪಾ." ದೂರುವ ದನಿಯಲ್ಲ, ಹವೆಯ ಸುದ್ದಿ ಹೇಳಿದ ಹಾಗೆ. ಮೂವತ್ತನಾಲ್ಕು ಪ್ರಶ್ನೆಗಳನ್ನು ಓದಲಿಕ್ಕೇ ಅವಳಿಗೆ ಹೊತ್ತು ಸಾಲಲಿಲ್ಲವಂತೆ. ಫಲವೂ ಹಾಗೆಯೇ ಬಂದಿತು. ಆ ಪರೀಕ್ಷೆಯ ಉತ್ತರಸೂಚಿಯಲ್ಲಿಯೇ ತಪ್ಪುಗಳಿವೆಯೆಂದು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆದು, 2025ರ ಮೇ ತಿಂಗಳಲ್ಲಿ ಸುಪ್ರೀಮ ಕೋರ್ಟಿನ ವರೆಗೂ ಹೋದ ಸಂಗತಿಯನ್ನು ವಾಚಕರು ಓದಿರಬಹುದು. ವಕೀಲಿಯ ಪರೀಕ್ಷೆಯೇ ಕಟಕಟೆಯಲ್ಲಿ ನಿಂತದ್ದು ಒಂದು ವಿನೋದವೇ ಸರಿ. ಆದರೆ ನಮ್ಮ ಹುಡುಗಿಯ ಅಂಕಗಳು ಅಂಥ ತಿದ್ದುಪಡಿಯಿಂದ ಮೇಲೇರುವಷ್ಟು ಎತ್ತರದಲ್ಲಿರಲಿಲ್ಲ. ಪಿ.ಯು.ಸಿ. ಮುಗಿದ ಮೇಲೆ ವರುಷ ಬರಿದಾಗಬಾರದೆಂದು ರಾಣೆಬೆನ್ನೂರಿನಲ್ಲಿಯೇ ಬಿ.ಎ.ಗೆ ಹೆಸರು ಹಚ್ಚಿಸಿ, ಇನ್ನೊಂದು ಸಲ ಕೂಡ್ರುವದೆಂದು ನಿಶ್ಚಯವಾಯಿತು. ಇನ್ನೊಂದೇ ಸಲ, ಎಂದು ತಮ್ಮನು ಹೇಳಿದನು. ಪಾಟಲಿಗಳ ಮಾತನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬಳಿಕ ನಾವು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ಬದಿಗಿಟ್ಟಿದ್ದ ಆ ಪ್ರಶ್ನಪತ್ರಿಕೆಯನ್ನು ತೆಗೆದು, ಗಡಿಯಾರವನ್ನು ಮುಂದಿಟ್ಟುಕೊಂಡು ನಾವೇ ಕುಳಿತು ಬರೆದದ್ದು. ಎರಡು ತಾಸು ಮುಗಿದಾಗ 71 ಪ್ರಶ್ನೆಗಳಾಗಿದ್ದವು. ಹಣೆಯ ಮೇಲೆ ಬೆವರು. ಆಗ ಕಣ್ಣು ತೆರೆಯಿತು. 2020ರಿಂದ ಈ ಪರೀಕ್ಷೆಯ ರೂಪವೇ ಬದಲಾಗಿದ್ದಿತು. ಮೊದಲು ಒಂದೊಂದು ಪ್ರಶ್ನೆ ಬಿಡಿಬಿಡಿಯಾಗಿ ಬರುತ್ತಿದ್ದಿತು, ತಿಳಿದಿದ್ದವನು ಬರೆಯುತ್ತಿದ್ದನು. ಈಗ ಸುಮಾರು 450 ಪದಗಳ ಒಂದು ಗದ್ಯಖಂಡ, ಅದರ ಕೆಳಗೆ ನಾಲ್ಕಾರು ಪ್ರಶ್ನೆ. ಮತ್ತೊಂದು ಖಂಡ, ಮತ್ತೆ ಪ್ರಶ್ನೆ. ಕಾಯದೆಯ ಭಾಗದಲ್ಲಿ ಕೂಡ ಬೇಕಾದ ನಿಯಮವನ್ನು ಖಂಡದಲ್ಲಿಯೇ ಹೇಳಿರುವರು. ಮೊದಲೇ ಕಾಯದೆ ಬಲ್ಲವನಾಗಿರಬೇಕೆಂಬ ಕಟ್ಟಿಲ್ಲ. ನಾವು ಬರೀ ಗದ್ಯಪಾಠವೆಂದು ಹಳಿದದ್ದೇ ಪರೀಕ್ಷೆಯ ಪ್ರಾಣವಾಗಿದ್ದಿತು.

ಹೊಸ ಯಾದಿಯನ್ನು ಈ ಸಲ ಅಂಕಗಳನ್ನೆಣಿಸಿ ಮಾಡಿದೆವು. 120ರಲ್ಲಿ ಇಂಗ್ಲಿಷಿಗೆ 22ರಿಂದ 26, ಪ್ರಚಲಿತ ಸಂಗತಿಗಳಿಗೆ 28ರಿಂದ 32, ಕಾಯದೆಗೆ ಅಷ್ಟೇ, ತರ್ಕಕ್ಕೆ 22ರಿಂದ 26, ಗಣಿತಕ್ಕೆ 10ರಿಂದ 14. ಹತ್ತರಲ್ಲೊಂದೇ ಪಾಲೆಂದು ಗಣಿತವನ್ನು ಹಿಂದಿನ ವರುಷ ಪೂರಾ ಬಿಟ್ಟಿದ್ದೆವು. ಆಗ ಸಂಸ್ಕೃತದಲ್ಲಿಯ ಸೂಚೀಕಟಾಹ ನ್ಯಾಯದ ನೆನಪಾಯಿತು. ಕಮ್ಮಾರನ ಹತ್ತಿರ ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಸಲು ಬಂದರೆ, ಅವನು ಸೂಜಿಯನ್ನು ಮೊದಲು ಮಾಡಿ ಕಳಿಸಿ ಆ ಮೇಲೆ ಕೊಪ್ಪರಿಗೆಗೆ ಕೂಡ್ರುವನು. ನಮ್ಮ ಸೂಜಿ ಗಣಿತ. ಅದು ಹತ್ತನೆಯ ಇಯತ್ತೆಯ ಲೆಕ್ಕ: ಶೇಕಡಾವಾರು, ಪ್ರಮಾಣ, ಸರಾಸರಿ. ಹುಡುಗಿಯನ್ನು ಒಂದು ರವಿವಾರ ಹಾವೇರಿಗೆ ಕರೆಯದೆ ಬ್ಯಾಡಗಿಗೇ ಕಳಿಸಿ, ಅಪ್ಪನ ಖಾತೆವಹಿಯ ಬದಿಗೆ ಕೂಡ್ರಿಸಿದೆವು. ಕ್ವಿಂಟಲಿಗೆ 15,000 ರೂಪಾಯಿಯ ಮಾಲು ಪ್ರತಿಶತ 20 ಇಳಿದು ಮತ್ತೆ ಪ್ರತಿಶತ 20 ಏರಿದರೆ ಹಳೆಯ ದರಕ್ಕೆ ಬಂದಿತೇ? ಬರಲಿಲ್ಲ, 14,400ಕ್ಕೆ ನಿಂತಿತು. "ಇದು ತಿಳೀದಾಂವ ಅಡತಿ ಅಂಗಡ್ಯಾಗ ಒಂದು ಸುಗ್ಗಿನೂ ಉಳಿಯಾಂಗಿಲ್ಲ" ಎಂದು ತಮ್ಮನು ನಕ್ಕನಂತೆ. ಮೂರು ವಾರದಲ್ಲಿ ಸೂಜಿ ಮುಗಿಯಿತು.

ಕೊಪ್ಪರಿಗೆ ಯಾವುದೆಂದರೆ ಇಂಗ್ಲಿಷನ್ನು ಓದುವ ವೇಗ. ಇದಕ್ಕೆ ಒಳದಾರಿಯಿಲ್ಲ. ದಿನಕ್ಕೊಂದು ಸಂಪಾದಕೀಯವೆಂದು ಗೊತ್ತುಮಾಡಿದೆವು. ಅದೇ ಸಂಗತಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಬಳಿಕ ಇಂಗ್ಲಿಷಿನಲ್ಲಿ. ಮೊದಲ ತಿಂಗಳು ಒಂದು ಸಂಪಾದಕೀಯಕ್ಕೆ ಇಪ್ಪತ್ತೈದು ಮಿನಿಟು ಹಿಡಿಯುತ್ತಿದ್ದಿತು. ಇಲ್ಲಿ ನಮ್ಮ ಹಳೆಯ ಓದು ಅಕಸ್ಮಾತ್ತಾಗಿ ಕೈಹಿಡಿಯಿತು. ನಮ್ಮ ಭಾಷ್ಯಕಾರರು ಎದುರಾಳಿಯ ಮಾತನ್ನು ಮೊದಲು ಅವನ ಬಾಯಿಂದಲೇ ಗಟ್ಟಿಯಾಗಿ ಆಡಿಸಿ, ಆ ಮೇಲೆ ತಮ್ಮ ನಿರ್ಣಯವನ್ನು ಹೇಳುವರು. ಮೊದಲನೆಯದು ಪೂರ್ವಪಕ್ಷ, ಎರಡನೆಯದು ಸಿದ್ಧಾಂತ. ಹುಡುಗಿಯ ತಪ್ಪುಗಳನ್ನು ಒಂದು ವಹಿಯಲ್ಲಿ ಬರೆದು ನೋಡಲಾಗಿ, ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಪೂರ್ವಪಕ್ಷವನ್ನೇ ಲೇಖಕನ ಮತವೆಂದು ತಿಳಿದುದರಿಂದ ಆಗಿದ್ದವು. ಅಂದಿನಿಂದ ಪ್ರತಿಯೊಂದು ಖಂಡದ ಅಂಚಿನಲ್ಲಿ ಪೆನ್ಸಿಲಿನಿಂದ "ಪೂ", "ಸಿ" ಎಂದು ಗುರುತು ಹಾಕುವ ರೂಢಿಯಾಯಿತು.

ತರ್ಕದಲ್ಲಿಯೂ ಹಾಗೆಯೇ. ಪರೀಕ್ಷೆಯವರು ಒಂದು ವಾದವನ್ನು ಕೊಟ್ಟು, ಇದರಲ್ಲಿ ಹೇಳದೆ ಹಿಡಿದುಕೊಂಡಿರುವ ಮಾತು ಯಾವುದೆಂದು ಕೇಳುವರು. ನೈಯಾಯಿಕರು ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಾಗ, ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ನಡುವೆ ನಿಂತಿರುವದಷ್ಟೆ. ಪರೀಕ್ಷೆಯವರು ಕೇಳುವದು ಆ ವ್ಯಾಪ್ತಿಯನ್ನೇ. ಹುಡುಗಿಗೆ ಬೆಟ್ಟ ಬೇಡವಾಯಿತು, ಬ್ಯಾಡಗಿಯ ಪೇಟೆಯೇ ಸಾಕಾಯಿತು. "ಮಂದಿ ಸೀನಾಕ್ಹತ್ಯಾರ, ಅಂದ್ರ ಮೆಣಸಿನಕಾಯಿ ಲಾರಿ ಬಂದೈತಿ" ಎಂದು ಅವಳು ಒಂದು ಅನುಮಾನವನ್ನು ಕಟ್ಟಿ, ಕ್ಷಣ ತಡೆದು, "ನೆಗಡಿ ಆದ್ರೂ ಸೀನ್ತಾರ, ಹೇತು ಕೆಟ್ಟಿತು" ಎಂದು ತಾನೇ ಮುರಿದಳು. ಸವ್ಯಭಿಚಾರವೆಂಬ ಹೇತ್ವಾಭಾಸವನ್ನು ನಾವು ಪಾಠಶಾಲೆಯಲ್ಲಿ ಕಲಿಯಲು ಒಂದು ವಾರ ತಕ್ಕೊಂಡಿದ್ದೆವು.

ಎಲ್ಲಕ್ಕಿಂತ ತೊಡಕಾದದ್ದು ಪ್ರಚಲಿತ ಸಂಗತಿಗಳ ಆಯ್ಕೆ. ಜಗತ್ತು ದೊಡ್ಡದು, ವರುಷ ಚಿಕ್ಕದು. ಏನನ್ನು ಓದುವದು, ಏನನ್ನು ಬಿಡುವದು? ಮಾಸಾಂತ್ಯಕ್ಕೆ ಬರುವ ಸಂಗ್ರಹಗಳನ್ನು ಕೊಳ್ಳೋಣವೆಂದು ನಾವು ಹೇಳಿದಾಗ ಹುಡುಗಿಯೇ ತಡೆದಳು. 2024ರ ಮಾರ್ಚ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದರ ಬಿದ್ದಿತೆಂದು ರೊಚ್ಚಿಗೆದ್ದ ರೈತರು ಕೃಷಿ ಮಾರುಕಟ್ಟೆಯ ಕಚೇರಿಯ ಮೇಲೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ವಾಚಕರು ಮರೆತಿರಲಾರರು. ಅಂದು ತಮ್ಮನು ಅಂಗಡಿಯ ಬಾಗಿಲು ಹಾಕಿಕೊಂಡು ಸಂಜೆಯ ವರೆಗೆ ಒಳಗೇ ಕುಳಿತಿದ್ದನು. ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. "ಅದರಿಂದನ ಸುರು ಮಾಡೂಣ್ರಿ" ಎಂದಳು. ಆ ಒಂದು ಎಳೆಯನ್ನು ಹಿಡಿದು ಎಳೆದರೆ ಎಷ್ಟು ಬಂದಿತು! ದರವನ್ನು ಗೊತ್ತುಮಾಡುವ ಟೆಂಡರು, ಕರ್ನಾಟಕದ 1966ರ ಮಾರುಕಟ್ಟೆ ಕಾಯದೆ, ಕೇಂದ್ರ ಸರಕಾರವು 2020ರಲ್ಲಿ ಮಾಡಿ 2021ರಲ್ಲಿ ತಿರುಗಿ ತಕ್ಕೊಂಡ ಮೂರು ಕೃಷಿ ಕಾಯದೆಗಳು, ಕೃಷಿಯೂ ಸಂತೆಪೇಟೆಯೂ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವದರಿಂದ ಎದ್ದ ವಾದ. ಅಲ್ಲಿಂದ ಇನ್ನೊಂದು ಎಳೆ: ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ದೊರೆತ ಭೌಗೋಳಿಕ ಸೂಚಕ, ಅದಕ್ಕೆ ಆಧಾರವಾದ 1999ರ ಕಾಯದೆ. ಆಂಧ್ರದಿಂದ ಬಂದ ಕಾಯಿ ಬ್ಯಾಡಗಿಯ ಪೇಟೆಯಲ್ಲಿ ಮಾರಾಟವಾದ ಮಾತ್ರಕ್ಕೆ ಬ್ಯಾಡಗಿ ಕಾಯಿ ಆಗುವದೇ? ಪೇಟೆಯ ಹೆಸರು ಬೇರೆ, ಕಾಯಿಯ ಹೆಸರು ಬೇರೆ ಎಂಬ ವಿವೇಕ ಅಲ್ಲಿಯ ಹಮಾಲರಿಗೂ ಉಂಟು. ರಾಣೆಬೆನ್ನೂರಿನ ಕಡೆಗೆ ಹೊರಳಿದರೆ 1974ರಲ್ಲಿ ಆದ ಕೃಷ್ಣಮೃಗಗಳ ಅಭಯಾರಣ್ಯ, 1972ರ ವನ್ಯಜೀವಿ ಕಾಯದೆ, ಬೆಳೆ ಮೇಯ್ದ ಮೃಗಕ್ಕೂ ಹೊಲದೊಡೆಯನಿಗೂ ನಡುವಿನ ತಂಟೆ. ನೂರು ಸಂಗತಿಗಳ ಹೆಸರನ್ನು ಬಲ್ಲವಳಾಗುವ ಬದಲು ಹುಡುಗಿ ಇಪ್ಪತ್ತು ಸಂಗತಿಗಳ ಬೇರನ್ನು ಬಲ್ಲವಳಾದಳು. ಇದರಿಂದ ಕೆಲವು ಪ್ರಶ್ನೆಗಳು ಕೈಬಿಡುವವೆಂಬುದು ನಮಗೆ ಗೊತ್ತಿದ್ದಿತು, ಗೊತ್ತಿದ್ದೇ ಬಿಟ್ಟೆವು.

ಇನ್ನು ಕಾಯದೆಯ ಭಾಗ. ಇಲ್ಲಿ ಕಲಿಯಬೇಕಾದುದಕ್ಕಿಂತ ಮರೆಯಬೇಕಾದುದೇ ಹೆಚ್ಚು. ಖಂಡದಲ್ಲಿ ಹೇಳಿದ ನಿಯಮವನ್ನೇ ಪ್ರಮಾಣವೆಂದು ಹಿಡಿದು ಮುಂದಿಟ್ಟ ಸಂಗತಿಗೆ ಹಚ್ಚಬೇಕು. ಹೊರಗೆ ಕೇಳಿದ್ದನ್ನು ಒಳಗೆ ತರಕೂಡದು. ನಾವು ಹಿಂದಿನ ವರುಷ ತುಂಬಿದ ಕಲಮುಗಳು ಅವಳ ತಲೆಯಲ್ಲಿ ಅಡ್ಡಬಂದು ಸರಿಯಾದ ಉತ್ತರವನ್ನು ಎಷ್ಟೋ ಸಲ ಕೆಡಿಸಿದವು. ಅಗಸ್ಟ ತಿಂಗಳ ಒಂದು ರವಿವಾರ ಅಭ್ಯಾಸದ ಖಂಡವೊಂದು ಬಂದಿತು: 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕುಂಟು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಮ ಕೋರ್ಟು 2020ರಲ್ಲಿ ಹೇಳಿತು, ಆದರೆ 2004ರ ಡಿಸೆಂಬರ 20ಕ್ಕಿಂತ ಮೊದಲು ನೋಂದಣಿಯಾದ ವಾಟ್ನಿಯನ್ನು ಮತ್ತೆ ಕೆದಕುವಂತಿಲ್ಲ. ಮಿತಾಕ್ಷರೆಯ ಜನ್ಮಸ್ವತ್ವವು ಮಗಳ ವರೆಗೆ ಬಂದ ಬಗೆ ಇದು ಎಂದು ನಾವು ಉತ್ಸಾಹದಿಂದ ಹೇಳತೊಡಗಿದೆವು. ಹುಡುಗಿ ಒಂದು ಮಿನಿಟಿನಲ್ಲಿ ಪ್ರಶ್ನೆಗಳನ್ನು ಬಿಡಿಸಿ ಪೆನ್ಸಿಲು ಕೆಳಗಿಟ್ಟಳು.

"ನಮ್ಮ ಮನೀ ವಾಟ್ನಿ ಯಾವಾಗ ಆತ್ರಿ ದೊಡ್ಡಪ್ಪಾ?"

1998ರಲ್ಲಿ ಆಯಿತೆಂದೆವು. ತಂದೆಯವರು ಬದುಕಿದ್ದಾಗಲೇ ತಮ್ಮ ಪಾಲನ್ನೂ ಸೇರಿಸಿ ಹೊಲವನ್ನೆಲ್ಲ ನಮ್ಮಿಬ್ಬರ ಹೆಸರಿಗೆ ಹಚ್ಚಿ ನೋಂದಣಿ ಮಾಡಿಸಿದ್ದರು. ತಂಗಿಯ ಲಗ್ನ 1990ರಲ್ಲಿಯೇ ಆಗಿದ್ದಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ ಕಾಯದೆ ಜಾರಿಗೆ ಬಂದದ್ದು 1994ರಲ್ಲಿ. ಅದಕ್ಕೆ ಮೊದಲು ಲಗ್ನವಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ.

"ಹಂಗಾದ್ರ ಕಾಯದೆ ಪ್ರಕಾರ ಅತ್ತಿಗೆ ಏನೂ ಬರೂದಿಲ್ಲ" ಎಂದಳು. ಸ್ವಲ್ಪ ತಡೆದು, "ಆದ್ರ ಅತ್ತೀನ ಯಾರರೆ ಒಂದು ಮಾತು ಕೇಳಿದ್ರೇನ್ರಿ?" ಎಂದಳು.

ಯಾರೂ ಕೇಳಿರಲಿಲ್ಲ. ಆ ಅತ್ತೆಯ ಕೈರೊಟ್ಟಿಯನ್ನು ಮೂರು ವರುಷದಿಂದ ಉಣ್ಣುತ್ತಿರುವ ಹುಡುಗಿ ಅದನ್ನು ಕೇಳುತ್ತಿದ್ದಳು. ನಾವು ಮುಂದಿನ ಖಂಡವನ್ನು ತೆಗೆದೆವು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುವದು. ಕಾಯದೆ ಓದಿ ಮುಗಿಸಿದವರು ವಕೀಲಿ ಮಾಡಲು ಬರೆಯಬೇಕಾದ ಅಖಿಲ ಭಾರತ ವಕೀಲ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಳಗೆ ಹೋಗುವ ಬಾಗಿಲಲ್ಲಿ ಮಾತ್ರ ಕನ್ನಡಕ್ಕೆ ಎಡೆಯಿಲ್ಲ. ಕನ್ನಡ ಶಾಲೆಯ ಮಗುವು ಉಳಿದವರು ಓಡುವ ದಾರಿಯನ್ನು ಹೊರೆ ಹೊತ್ತು ಓಡಬೇಕು. ಅರ್ಜಿಯ ಶುಲ್ಕವೇ 2025ರಲ್ಲಿ 4,000 ರೂಪಾಯಿ ಇದ್ದಿತು. ಮನಸ್ಸಿಲ್ಲದ ಮಗುವನ್ನು ಇದಕ್ಕೆ ನೂಕಬೇಕಾದ ಅಗತ್ಯವೂ ಇಲ್ಲ: ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿ.ಯು.ಸಿ.ಯ ಅಂಕಗಳ ಮೇಲೆಯೇ ಐದು ವರುಷದ ವ್ಯಾಸಂಗಕ್ಕೆ ಸೇರಬಹುದು. ಇದನ್ನು ತಮ್ಮನಿಗೆ ಮೊದಲ ದಿನವೇ ಹೇಳಬೇಕಾಗಿದ್ದಿತು. ಆಗ ಯಾದಿ ಬರೆಯುವ ಉತ್ಸಾಹದಲ್ಲಿದ್ದೆವು.

2025ರ ಡಿಸೆಂಬರ 7ರಂದು ಪರೀಕ್ಷೆ ಮುಗಿಸಿ ಹುಡುಗಿ ರಾಣೆಬೆನ್ನೂರಿಗೆ ಬಂದಾಗ ನಾವೂ ತಂಗಿಯ ಮನೆಯಲ್ಲಿದ್ದೆವು. ಚಪ್ಪಲಿ ಬಿಡುತ್ತಲೇ, "ಓದದ ಉಳಿದದ್ದು ಮೂರರಿ ದೊಡ್ಡಪ್ಪಾ, ಬರೇ ಮೂರು" ಎಂದಳು. ಬಂದ ಅಂಕಗಳೆಷ್ಟು, ಯಾವ ಊರಿನ ಶಾಲೆ ಎಂಬುದನ್ನು ಇಲ್ಲಿ ಬರೆಯಬಾರದೆಂದು ಅವಳು ಆ ಮೇಲೆ ನಮ್ಮಿಂದ ಮಾತು ತಕ್ಕೊಂಡಿರುವಳು; ಅದು ಅವಳ ಸ್ವತ್ತು. ಅಂದು ತಂಗಿಯು ಅವಳಿಗೆ ಬಿಸಿ ರೊಟ್ಟಿ ಬಡಿಸುತ್ತ, ನಮಗೂ ಒಂದು ತಾಟನ್ನು ಮುಂದಿಟ್ಟಳು. ನಮ್ಮ ಕೈಚೀಲದಲ್ಲಿ 1998ರ ವಾಟ್ನಿ ಪತ್ರದ ನಕಲು ಇದ್ದಿತು. ಊಟವಾದ ಮೇಲೆ ತೆಗೆಯೋಣವೆಂದುಕೊಂಡಿದ್ದೆವು. ಊಟವಾಯಿತು, ಹುಡುಗಿ ನಮ್ಮ ಚೀಲವನ್ನೊಮ್ಮೆ, ನಮ್ಮ ಮುಖವನ್ನೊಮ್ಮೆ ನೋಡಿದಳು. ನಾವು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ತಂಗೀ, ಕೈ ತೊಳಕೊಂಡು ಒಂದೀಟು ಇಲ್ಲಿ ಬಾ" ಎಂದು ಕರೆದೆವು.